ಜಗಳೂರಿನ ಕ್ಯಾಪ್ಟನ್, ಟೈರಿಲ್ಲದ ಗಾಡಿ

ನೌಕಾಪಡೆಯಲ್ಲಿ ವರ್ಷಗಟ್ಟಲೆ ಸವೆದು ಈಗ ಕಮೊಡೋರ್ ಆಗಿದ್ದೇನೆ. ಭುಜದ ಪಟ್ಟಿ ನೋಡಿದವರು ಸೆಲ್ಯೂಟ್ ಹೊಡೆಯುತ್ತಾರೆ. ಆದರೆ ನಮ್ಮ ಜಿಲ್ಲೆಯವರು ಯಾರಾದರೂ ಸಿಕ್ಕಿ, ಯಾವೂರು ಎಂದು ಕೇಳಿ, ನಾನು ಜಗಳೂರು ಅಂದರೆ ಮುಗಿಯಿತು, ಸೆಲ್ಯೂಟ್ ಮರೆತು ನಗುತ್ತಾರೆ. ನೀರಿಗೆ ಟ್ಯಾಂಕರ್ ಕಾದ ಊರಿನವನಿಗೆ ಸಮುದ್ರದಲ್ಲೇನು ಕೆಲಸ ಎಂಬುದು ಅವರ ಅನುಮಾನ. ನನಗೂ ಅದೇ ಅನುಮಾನ ಬರುವಂಥ ಪ್ರಸಂಗಗಳು ಒಂದರ ಹಿಂದೊಂದು ನಡೆದಿವೆ.

ಕೆರೆಯಲ್ಲಿ ಕ್ರಿಕೆಟ್

ಸೇರಿದ ಹೊಸದರಲ್ಲಿ ಈಜುಕೊಳದ ಪಕ್ಕ ನಮ್ಮನ್ನೆಲ್ಲ ನಿಲ್ಲಿಸಿ, ಈಜು ಬರುತ್ತದೆಯೇ ಎಂದು ತರಬೇತುದಾರರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನಾನು ಇಲ್ಲ ಅಂದೆ.

"ನಿಮ್ಮೂರಲ್ಲಿ ಕೆರೆ ಇಲ್ಲವೇ?"

"ಇದೆ ಸರ್, ದೊಡ್ಡದು."

"ಮತ್ತೆ ಕೆರೆಯಲ್ಲಿ ಏನು ಮಾಡುತ್ತಿದ್ದೆ?"

"ಕ್ರಿಕೆಟ್ ಆಡುತ್ತಿದ್ದೆ ಸರ್."

ತಲೆಹರಟೆ ಎಂದುಕೊಂಡು ಅವರು ನನ್ನನ್ನು ಮೈದಾನದ ಸುತ್ತ ಓಡಿಸಿದರು. ರಜೆಯಲ್ಲಿ ಊರಿಗೆ ಬಂದು ಇದನ್ನು ಹೇಳಿದಾಗ ಎಲ್ಲರೂ ನಕ್ಕರು, ಅವ್ವ ನಗಲಿಲ್ಲ.

"ಈಜು ಬರದೋನ್ನ ಕರ್ಕಂಡು ಹೋಗಿ ನೀರಾಗೆ ಬಿಡ್ತಾರಲ್ಲ, ಅವ್ರಿಗೆ ಬುದ್ಧಿ ಐತಾ? ನೀನು ಹೋಗು ಮಗಾ, ತಡೆಯಲ್ಲ. ಆಚೆ ದಡ ಕಾಣ್ದಿರೋ ನೀರ್ನ ನೋಡಾಕೆ ನಾನು ಮಾತ್ರ ಬರಲ್ಲ" ಎಂದಳು.

ಅವ್ವ ಆಡಿದ ಮಾತಿನಿಂದ ಹಿಂದೆ ಸರಿಯುವವಳಲ್ಲ. ನಾನು ಈಜು ಕಲಿತೆ, ಬಡ್ತಿ ಪಡೆದೆ, ಕರೆದು ಕರೆದು ಸೋತೆ, ಅವಳು ಬರಲಿಲ್ಲ. ಅವಳು ಒಮ್ಮೆಯಾದರೂ ನನ್ನ ಹಡಗು ನೋಡಲಿ ಎಂಬುದೊಂದೇ ನನ್ನ ಆಸೆಯಾಗಿತ್ತು. ಈಗ ಊರ ಕೆರೆಗೆ ಹೊಳೆ ನೀರು ಬಂದು ತುಂಬಿದೆ. ಊರೆಲ್ಲ ಖುಷಿಯಾಗಿದೆ, ಕ್ರಿಕೆಟ್ ಆಡುವವರು ಮಾತ್ರ ಮುಖ ಊದಿಸಿಕೊಂಡಿದ್ದಾರೆ.

ಹೊನ್ನಾಳಿಯಲ್ಲಿ ಹೆಣ್ಣು ನೋಡಿದ್ದು

ಹೊನ್ನಾಳಿಯವರಿಗೆ ಊರ ಮಗ್ಗುಲಿಗೇ ತುಂಗಭದ್ರೆ. ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ನನ್ನನ್ನು ಮೇಲಿಂದ ಕೆಳಗೆ ಅಳೆದು, "ಹೊಳೆ ದಂಡ್ಯಾಗೆ ಇರೋ ನಾವೇ ನೇವಿಗೆ ಹೋಗಿಲ್ಲ, ನೀವು ಜಗಳೂರಿಂದ ಹೋಗೀರಿ. ಧೈರ್ಯ ಮೆಚ್ಚಬೇಕು ಬಿಡ್ರಿ" ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಹುಡುಗಿಯ ಅಜ್ಜಿ, "ದಿನಾ ಸಂಜೀಗೆ ಮನೆಗೆ ಬರ್ತೀಯೇನಪ್ಪ?" ಎಂದು ಕೇಳಿದರು.

"ಇಲ್ಲಜ್ಜಿ. ಹಡಗು ಹೊಂಟ್ರೆ ತಿಂಗಳುಗಟ್ಲೆ ಬರಾಕಾಗಲ್ಲ."

ಸಂಬಂಧ ಕೆಟ್ಟಿತು ಎಂದುಕೊಂಡು ಜೊತೆಗೆ ಬಂದಿದ್ದ ನನ್ನ ಸೋದರಮಾವ ಎದ್ದು ಚಪ್ಪಲಿ ಹುಡುಕತೊಡಗಿದ. ಅಜ್ಜಿ ಮೊಮ್ಮಗಳ ಕಡೆ ತಿರುಗಿ, "ಒಪ್ಕಳೇ ತಾಯಿ. ಇಂಥ ಗಂಡ ನಮ್ ಕಾಲದಾಗೆ ಎಲ್ಲಿದ್ದ" ಎಂದರು.

ಉಬ್ರಾಣಿ ದಾರಿಯ ಬಿರುಗಾಳಿ

ಈ ಸೋದರಮಾವ ಖಾಸಗಿ ಬಸ್ಸಿನ ಡ್ರೈವರ್. ಒಂದು ಸಲ ಚನ್ನಗಿರಿಯಿಂದ ಉಬ್ರಾಣಿಗೆ ನೆಂಟರ ಮದುವೆಗೆಂದು ನಾನೂ ಅವ್ವನೂ ಅವನ ಬಸ್ಸನ್ನೇ ಹತ್ತಿದೆವು. ದಾರಿಯುದ್ದಕ್ಕೂ ಅವನ ಬಾಯಿ ಸುಮ್ಮನಿರಲಿಲ್ಲ. "ಮುಂದಿನ ಸೀಟ್ನಾಗೆ ಕುಂತಾನಲ್ಲ, ನನ್ ಅಳಿಯ. ಎಂಥಾ ಬಿರುಗಾಳಿ ಇರ್ಲಿ, ಹಡಗು ನಡೆಸ್ತಾನೆ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ.

ಎಲ್ಲರೂ ಕತ್ತು ಉದ್ದ ಮಾಡಿ ನೋಡಿದರು. ಸರಿಯಾಗಿ ಅದೇ ಹೊತ್ತಿಗೆ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬೆಳಗ್ಗೆ ತಿಂದ ಮಂಡಕ್ಕಿ ಮೆಣಸಿನಕಾಯಿಯನ್ನೆಲ್ಲ ರಸ್ತೆಗೆ ಒಪ್ಪಿಸಿದೆ. ಅವ್ವ ಚೀಲದಿಂದ ನಿಂಬೆಹಣ್ಣು ತೆಗೆದು ನನ್ನ ಮೂಗಿಗೆ ಹಿಡಿದು, "ಬಸ್ನಾಗೇ ಹಿಂಗಾದ್ರೆ ಅಲ್ಲಿ ಹೆಂಗೋ ಮಗಾ" ಎಂದಳು. ಇನ್ನು ಇವಳನ್ನು ಸಮುದ್ರದ ಹತ್ತಿರ ಕರೆತಂದ ಹಾಗೇ ಎಂದು ನಾನು ಆಸೆ ಬಿಟ್ಟೆ.

ಮಾವ ಮಾತ್ರ ಸೋಲಲಿಲ್ಲ. ಪ್ರಯಾಣಿಕರಿಗೆ ಸಮಾಧಾನ ಹೇಳಿದ: "ಏನಿಲ್ರೀ, ನೆಲ ಅಲ್ಲಾಡಲ್ಲ ನೋಡ್ರಿ, ಅವನಿಗೆ ಅಭ್ಯಾಸ ತಪ್ಪೈತೆ."

ಟೈರಿಲ್ಲದ ಗಾಡಿ

ಕೊನೆಗೊಮ್ಮೆ ಒಂದು ಯುದ್ಧನೌಕೆಗೆ ನಾನೇ ಕ್ಯಾಪ್ಟನ್ ಆದೆ. ಫೋನಿನಲ್ಲಿ ಹೇಳಿದರೆ ಅವ್ವ, "ಒಳ್ಳೇದಾತು ಮಗಾ. ಬರಲ್ಲ" ಎಂದಳು. ಅಲ್ಲೇ ಕೂತಿದ್ದ ಮಾವ ಹೇಳಿದ್ದು ನನಗೂ ಕೇಳಿಸಿತು: "ಅಕ್ಕಾ, ಹುಡುಗನ ಕೈಗೆ ಹೊಸ ಗಾಡಿ ಬಂದೈತೆ. ಟೈರಿಗೆ ನಿಂಬೆಹಣ್ಣು ಇಡದೇನೇ ಹೊರಗೆ ತೆಗಿತಾನಂತೆ."

ಪಕ್ಕದ ಮನೆಯವರ ಮೊಪೆಡ್ಡನ್ನೂ ನಿಂಬೆಹಣ್ಣಿಲ್ಲದೆ ಗೇಟು ದಾಟಲು ಬಿಡದ ಹೆಂಗಸು ನಮ್ಮವ್ವ. "ಯಾವತ್ತು ತೆಗಿಯೋದು?" ಎಂದಳು.

ಕಾರವಾರದಲ್ಲಿ ಹಡಗು ನಿಲ್ಲುವ ಜೆಟ್ಟಿಯಲ್ಲಿ ಅವ್ವ ಜೀಪಿನಿಂದ ಇಳಿದಳು. ಕೈಯಲ್ಲಿ ನಿಂಬೆಹಣ್ಣಿನ ಚೀಲ, ಕಣ್ಣು ನೆಲದ ಮೇಲೆ. ತಲೆ ಎತ್ತಿದರೆ ಸಮುದ್ರ ಕಾಣುತ್ತದಲ್ಲ. ಮಾವ ಹಡಗಿನ ಉದ್ದಕ್ಕೂ ನಡೆದು ನೋಡಿ ಬಂದು, "ಅಕ್ಕಾ, ಟೈರೇ ಇಲ್ಲ. ಕೇಳಿದ್ರೆ ಬ್ರೇಕೂ ಇಲ್ಲ ಅಂತಾರೆ" ಎಂದು ವರದಿ ಒಪ್ಪಿಸಿದ.

"ಬ್ರೇಕಿಲ್ದಿರೋ ಗಾಡ್ಯಾಗೆ ನೀನು ಹೋಗಬ್ಯಾಡ" ಎಂದು ಅವ್ವ ನನ್ನ ತೋಳು ಹಿಡಿದಳು. ಮೇಲೆ ನೂರಾರು ಜನ ನನಗಾಗಿ ಕಾಯುತ್ತಿದ್ದರು. ಹೇಗೋ ಬಿಡಿಸಿಕೊಂಡು ಹಡಗು ಹತ್ತಿದೆ.

ಮೇಲಿನಿಂದ ಬಗ್ಗಿ ನೋಡಿದಾಗ ಅವ್ವ ತಲೆ ಎತ್ತಿದ್ದಳು. ನನ್ನನ್ನು ಹುಡುಕುತ್ತಾ ಹಡಗು ನೋಡಿದಳು, ಹಡಗಿನಾಚೆ ಸಮುದ್ರವನ್ನೂ ನೋಡಿದಳು. ಆಮೇಲೆ ಅವಳ ಕಣ್ಣು ಜೆಟ್ಟಿಯ ಅಂಚಿಗೆ ಬಿತ್ತು. ಹಡಗಿನ ಮೈ ತರಚದಿರಲೆಂದು ಅಲ್ಲಿ ದೊಡ್ಡ ದೊಡ್ಡ ಟೈರು ನೇತುಹಾಕಿರುತ್ತಾರೆ.

"ಯಾವನೋ ಅಂದೋನು ಟೈರಿಲ್ಲ ಅಂತ?" ಎಂದು ತಮ್ಮನನ್ನು ಗದರಿ, ದಪ್ಪ ಮೀಸೆಯ ನಾವಿಕನೊಬ್ಬನನ್ನು ಕೈಸನ್ನೆಯಲ್ಲೇ ಕರೆದು, ಟೈರಿಗೂ ಹಡಗಿಗೂ ನಡುವೆ ಒಂದೊಂದೇ ನಿಂಬೆಹಣ್ಣು ಸಿಕ್ಕಿಸಲು ಹೇಳಿದಳು. ಅವನು ಗಾಬರಿಯಿಂದ ಮೇಲೆ ನನ್ನ ಕಡೆ ನೋಡಿದ. ನಾನು ಆಗಲಿ ಎಂದು ತಲೆಯಾಡಿಸಿದೆ.

ಹಡಗು ದಡ ಬಿಡುವಾಗ ಮೊದಲು ಮೂತಿಯನ್ನು ದಡಕ್ಕೆ ಒತ್ತಿ, ಹಿಂಭಾಗವನ್ನು ಆಚೆಗೆ ಬಿಡಿಸಿಕೊಳ್ಳುತ್ತದೆ. ನಮ್ಮದೂ ಒತ್ತಿತು. ನಿಂಬೆಹಣ್ಣು ಪಚಕ್ಕೆಂದು ಮಾವನ ಇಸ್ತ್ರಿ ಅಂಗಿಗೆ ರಸ ಹಾರಿಸಿತು. ಅವ್ವ ಕೈಮುಗಿದಳು, ಅವಳ ಮುಖದ ಭಯವೆಲ್ಲ ಇಳಿದುಹೋಗಿತ್ತು. ನನಗೆ ಕಣ್ಣು ತುಂಬಿ ಬಂದು ದುರ್ಬೀನು ಅಡ್ಡ ಹಿಡಿದೆ.

ಕೊನೆಯ ಹಗ್ಗ ಬಿಚ್ಚಿ ಹೊರಡುವ ಅಪ್ಪಣೆ ಕ್ಯಾಪ್ಟನ್ ಕೊಡಬೇಕು. ನಾನು ದುರ್ಬೀನು ಇಳಿಸುವುದರೊಳಗೆ ಅವ್ವ ಹಗ್ಗ ಕಟ್ಟುವ ಕಬ್ಬಿಣದ ಕಂಬಕ್ಕೆ ಪಟಪಟ ಬಡಿದು, ಜಗಳೂರು ಬಸ್ ಸ್ಟ್ಯಾಂಡಿನ ದನಿಯಲ್ಲಿ ಕೂಗಿದಳು: "ರೈಟ್, ಹೋಗ್ಲಿ."

ಪಕ್ಕದಲ್ಲಿದ್ದ ಅಧಿಕಾರಿ, "ಸರ್, ಅಪ್ಪಣೆ?" ಎಂದ.

"ಆಗಲೇ ಆಯ್ತಲ್ಲ, ನಡಿ" ಎಂದೆ.