ಮಗಳ ಸೀಟಿಗೆ ಹಾಕಿದ ಟವಲ್

ಮಗಳನ್ನು ಹೈಸ್ಕೂಲಿಗೆ ಸೇರಿಸಿದ್ದಕ್ಕೆ ನನಗಾದ ಖರ್ಚು ಒಂದು ಟವಲ್. ಫೀಸು, ಯೂನಿಫಾರಂ, ಬಸ್ ಪಾಸು ಎಲ್ಲ ಅಪ್ಪಂದಿರಿಗೂ ಆಗುವಂಥದ್ದೇ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟವಲ್ ಮಾತ್ರ ನನ್ನೊಬ್ಬನದೇ ಖರ್ಚು. ಕೆಂಪು ಅಂಚಿನದು, ಒಗೆದಷ್ಟೂ ಮೆತ್ತಗಾಗುತ್ತಿದ್ದ ಟವಲ್. ಅದು ಯಾಕೆ ಹೋಯಿತು ಅಂತ ಹೇಳಿಬಿಟ್ಟರೆ, ಹೈಸ್ಕೂಲಿಗೆ ಹೊರಟ ಮಕ್ಕಳಿರುವ ನಿಮಗೆ ನಿಮ್ಮ ಟವಲ್ ಆದರೂ ಉಳಿದೀತು.

ನಾನು ಭದ್ರಾವತಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವನು. ಅದಕ್ಕೂ ಮುಂಚೆ ಸೈಕಲ್ ಮೇಲೆ ಪಾತ್ರೆ ಹೇರಿಕೊಂಡು, ಹಳೇ ಸೀರೆ, ಪ್ಯಾಂಟು ತಗೊಂಡು ಬದಲಿಗೆ ಪಾತ್ರೆ ಕೊಡುತ್ತಾ ಬೀದಿ ಬೀದಿ ತಿರುಗಿದವನು. ಜರಿ ಸೀರೆಗೆ ದೊಡ್ಡ ಪಾತ್ರೆಯನ್ನೇ ಕೇಳುವ ಹೆಂಗಸರನ್ನು ತಟ್ಟೆ ಲೋಟಕ್ಕೆ ಒಪ್ಪಿಸಿ, ಅವರ ಮನೆಯಲ್ಲೇ ಕಾಫಿ ಕುಡಿದು ಎದ್ದು ಬಂದಿದ್ದೇನೆ. ಚೌಕಾಸಿ ಇಲ್ಲದೆ ಸಿಕ್ಕಿದ್ದು ಯಾವುದೂ ನನಗೆ ದಕ್ಕಿದ ಹಾಗೆ ಅನಿಸುವುದಿಲ್ಲ. ನಮ್ಮ ಮದುವೆಯ ಮುಹೂರ್ತವನ್ನೂ ಪುರೋಹಿತರ ಹತ್ತಿರ ಹಿಂದೆ ಮುಂದೆ ಎಳೆದಾಡಿದ್ದೆ ಅಂತ ನನ್ನ ಹೆಂಡತಿ ಗಿರಿಜಾ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಮಗಳು ರೂಪಾ ಏಳನೇ ಕ್ಲಾಸ್ ಪಾಸಾದವಳೇ, ಸೇರಿದರೆ ಶಿವಮೊಗ್ಗದ ಹೈಸ್ಕೂಲಿಗೇ ಅಂತ ಹಟ ಹಿಡಿದಳು. ಅಲ್ಲಿ ಹುಡುಗಿಯರ ಖೋ ಖೋ ತಂಡವಿತ್ತು. ಇವಳು ಓಡುವುದಕ್ಕೇ ಹುಟ್ಟಿದವಳು. ಗಿರಿಜಾಳಿಗೆ ನಮ್ಮ ಮನೆ ಹಿಂದಿನ ಹೈಸ್ಕೂಲೇ ಸಾಕಾಗಿತ್ತು. ಅದು ಎಷ್ಟು ಹತ್ತಿರ ಅಂದರೆ ಗಂಟೆ ಹೊಡೆದ ಮೇಲೆ ತಲೆ ಬಾಚಿಕೊಂಡು ಹೋದರೂ ಪ್ರಾರ್ಥನೆಗೆ ಸಿಗಬಹುದು. ಇಬ್ಬರ ಮಧ್ಯೆ ಮಾತು ಕುದುರಿಸಲು ನಾನು ಕೂತೆ. ಕೊನೆಗೆ ಆದ ಒಪ್ಪಂದ ಇದು: ಗಣೇಶನ ಹಬ್ಬದ ತನಕ ರೂಪಾ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರಬೇಕು. ಅಷ್ಟರಲ್ಲಿ ಒಂದು ಸಲ ತೊಂದರೆಯಾದರೂ ಖೋ ಖೋ ಮರೆತು ಮನೆ ಹಿಂದಿನ ಸ್ಕೂಲಿಗೆ ಸೇರಬೇಕು. ರೂಪಾ ಕುಣಿದಾಡಿಕೊಂಡು ಒಪ್ಪಿದಳು. ಅವಳಿಗಿಂತ ಜಾಸ್ತಿ ಕುಣಿದವನು ನಾನು. ನಮ್ಮ ವಂಶದಲ್ಲಿ ಹೈಸ್ಕೂಲಿಗೆ ಅಂತ ಬೇರೆ ಊರಿಗೆ ಹೋಗುವ ಮೊದಲನೆಯವಳು ಅವಳೇ.

ಖುಷಿಯಲ್ಲಿ ‘ಒಬ್ಬಳೇ’ ಅನ್ನುವ ಮಾತನ್ನು ಸ್ವಲ್ಪ ಸಡಿಲ ಮಾಡಿಕೊಂಡೆ. ದಿನಾ ಬೆಳಿಗ್ಗೆ ಅವಳ ಬ್ಯಾಗು ನಾನೇ ಹೊತ್ತು ಬಸ್ ಸ್ಟ್ಯಾಂಡಿಗೆ ಹೋಗುವುದು, ಬಸ್ಸು ನಿಲ್ಲುವ ಮೊದಲೇ ಓಡಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವುದು, ಅವಳನ್ನು ಕೂರಿಸಿ ಕಂಡಕ್ಟರಿಗೆ, ಹುಡುಗಿ ಹೊಸಬಳು, ಸ್ವಲ್ಪ ನೋಡ್ಕೊಳಿ ಅನ್ನುವುದು. ರೂಪಾಳಿಗೆ ನಾಚಿಕೆ. ಅಪ್ಪಾಜಿ, ನಾನು ನಿಂತ್ಕೊಂಡೇ ಹೋಗ್ತೀನಿ, ನೀವು ಬರಬೇಡಿ ಅಂತ ಎಷ್ಟೋ ಸಲ ಹೇಳಿದಳು. ದುಡ್ಡಿಲ್ಲದೆ ಸಿಗುವ ಸೀಟನ್ನು ಬಿಡು ಅನ್ನುತ್ತಾಳಲ್ಲ ಅಂತ ನನಗೇ ಬೇಜಾರಾಯಿತು.

ಒಂದು ಸೋಮವಾರ ಟವಲ್ ಎಸೆದು ಒಳಗೆ ಹೋಗುವಷ್ಟರಲ್ಲಿ ಅದರ ಮೇಲೆ ಕುಂಸಿ ಕಡೆಯ ಅಜ್ಜನೊಬ್ಬ ಚೀಲ ಸಮೇತ ಕೂತಿದ್ದ. ಸೀಟು ನಮ್ಮದು ಅಂದೆ.

“ಟವಲ್ ಕೂತ್ಕೊಂಡು ಮನುಷ್ಯ ನಿಲ್ಬೇಕೇನೋ ಮಾರಾಯ?” ಅಂದ ಅಜ್ಜ.

ಸುತ್ತ ಇದ್ದವರು ನಕ್ಕರು. ನನಗೂ ಹುರುಪು ಬಂತು. ಬ್ಯಾಗು ತೊಡೆ ಮೇಲಿಟ್ಟುಕೊಂಡು ಅಜ್ಜನ ಸೀಟಿನ ತುದಿಯಲ್ಲೇ ಹೇಗೋ ಕೂತು ಮಾತಿಗಿಳಿದೆ. ಅಜ್ಜನೂ ಕಡಿಮೆಯವನಲ್ಲ, ಸಂತೆಯಲ್ಲಿ ಪಳಗಿದ ಆಸಾಮಿ. ವಯಸ್ಸು ಹೇಳಿದ, ಮಂಡಿ ನೋವು ಹೇಳಿದ. ನಾನು, ಸೀಟು ಹೆಣ್ಣುಮಗೂಗೆ ಅಂದೆ, ಅವಳಿಗೆ ಪರೀಕ್ಷೆ ಅಂದೆ. ಕೊನೆಗೆ ದಾರಿ ಮಧ್ಯದ ಮಾಚೇನಹಳ್ಳಿ ತನಕ ಅಜ್ಜ ಕೂರುವುದು, ಅಲ್ಲಿಂದ ಮುಂದೆ ನನ್ನ ಮಗಳು ಕೂರುವುದು ಅಂತ ತೀರ್ಮಾನವಾಯಿತು. ಗೆದ್ದ ಸಂತೋಷದಲ್ಲಿ ರೂಪಾಳನ್ನು ಕರೆಯೋಣ ಅಂತ ಕಿಟಕಿಯಾಚೆ ನೋಡಿದೆ. ಹೊರಗೆ ಮಾಚೇನಹಳ್ಳಿ ಬಂದಿತ್ತು. ಅಜ್ಜ ಮಾತಿಗೆ ತಪ್ಪದೆ ಎದ್ದು ನಿಂತ.

ಬಸ್ಸು ನಾನ್ ಸ್ಟಾಪ್. ಕಂಡಕ್ಟರ್ ಟಿಕೆಟ್ ಕೇಳಿದ. ಅಂಗಡಿಯಲ್ಲಿ ಬೋಣಿಯಾಗುವ ತನಕ ಜೇಬಿಗೆ ದುಡ್ಡು ಹಾಕದವನು ನಾನು. ಜೇಬು ತುಂಬಿದ್ದರೆ ಚೌಕಾಸಿ ಮೊಂಡಾಗುತ್ತದೆ ಅಂತ ನಂಬಿದವನು. ಬರೀ ಲುಂಗಿ, ಅಂಗಿ, ಟವಲ್. ವಾಪಸ್ ಹೋದ ಮೇಲೆ ಕೊಡುತ್ತೇನೆ ಅಂದೆ, ಆಗಲ್ಲ ಅಂದ. ಶಿವಮೊಗ್ಗದಲ್ಲಿ ಇಳಿಯುವಾಗ ಟವಲ್ ಅವನ ಹೆಗಲ ಮೇಲಿತ್ತು. ಅಡವು.

ಬಸ್ ಸ್ಟ್ಯಾಂಡಿನ ಕಂಬದ ಹತ್ತಿರ ಬ್ಯಾಗು ಅಪ್ಪಿಕೊಂಡು ನಿಂತೆ. ಮಗು ಭದ್ರಾವತಿಯಲ್ಲಿ ಅಳುತ್ತಾ ನಿಂತಿದೆಯೋ, ಮನೆಗೆ ಓಡಿತೋ, ಗಿರಿಜಾಳಿಗೆ ಗೊತ್ತಾದರೆ ರೂಪಾಳ ಶಿವಮೊಗ್ಗ ಇಲ್ಲಿಗೇ ಮುಗಿಯಿತಲ್ಲ, ಅದೂ ನನ್ನ ಕೈಯಿಂದಲೇ ಅಂತ ಬರುವ ಬಸ್ಸುಗಳ ಬಾಗಿಲನ್ನೇ ನೋಡುತ್ತಿದ್ದೆ. ಭದ್ರಾವತಿಯ ಮುಂದಿನ ಬಸ್ಸು ಬಂತು. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದ ರೂಪಾ ಟಣ್ ಅಂತ ಇಳಿದಳು. ಪಾಸು ಅವಳ ಲಂಗದ ಜೇಬಿನಲ್ಲೇ ಇತ್ತು. ಬರುವ ಮೊದಲು, ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ, ನಮ್ಮ ಬೀದಿಯವರೇ ಆದ ಸರೋಜಮ್ಮನ ಹತ್ತಿರ, ಅಪ್ಪಾಜಿ ತಪ್ಪಿ ಶಿವಮೊಗ್ಗಕ್ಕೆ ಹೋಗಿದಾರೆ, ಅಮ್ಮ ಗಾಬರಿ ಆಗೋದು ಬೇಡ, ನಾನು ವಾಪಸ್ ಕಳಿಸ್ತೀನಿ ಅಂತ ಮನೆಗೆ ಹೇಳಿ ಕಳಿಸಿದ್ದಳು.

ಟವಲ್ಲಿನ ಕತೆ ಕೇಳಿ, ನನ್ನ ಕೈಯಲ್ಲಿದ್ದ ಬ್ಯಾಗು ತೆಗೆದು ಜಾಮಿಟ್ರಿ ಬಾಕ್ಸ್ ಬಿಚ್ಚಿದಳು. ತಳದ ಕಾಗದದ ಕೆಳಗೆ ಮಡಚಿದ ನೋಟು.

“ದಾರಿ ತಪ್ಪಿದ್ರೆ ಇರಲಿ ಅಂತ ಅಮ್ಮ ಇಟ್ಟಿದ್ದು. ತಗೊಳಿ ಅಪ್ಪಾಜಿ.”

ಆ ದುಡ್ಡನ್ನು ತೊಡೆ ಮೇಲಿಟ್ಟುಕೊಂಡೇ ನಾನು ಟವಲ್ ಅಡವಿಟ್ಟಿದ್ದೆ. ಈಗ ಬಿಡಿಸಿಕೊಳ್ಳೋಣ ಅಂದರೆ ಆ ಬಸ್ಸು ಆಗಲೇ ಹೊರಟುಹೋಗಿತ್ತು. ರೂಪಾ ನನ್ನನ್ನು ಭದ್ರಾವತಿ ಬಸ್ ಹತ್ತಿಸಿ, ಅದರ ಕಂಡಕ್ಟರಿಗೆ ಹೇಳಿದಳು: “ಅಣ್ಣಾ, ಇವರನ್ನ ಸ್ವಲ್ಪ ನೋಡ್ಕೊಳಿ. ಮಾತಿಗೆ ಕೂತ್ರೆ ಊರು ಬಂದಿದ್ದೂ ಗೊತ್ತಾಗಲ್ಲ.” ಹೇಳಿ, ಬ್ಯಾಗು ಹೆಗಲಿಗೇರಿಸಿ, ಬೆಲ್ ಹೊಡೆಯುವ ಮೊದಲು ಮುಟ್ಟಬೇಕು ಅಂತ ಓಡಿದಳು. ಎಂಥಾ ಓಟ ಅಂತೀರಿ! ಅವಳನ್ನು ಹಿಡಿಯುವ ಹುಡುಗಿ ನಮ್ಮ ಜಿಲ್ಲೆಯಲ್ಲಿರಲಿಲ್ಲ.

ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಇದೊಂದನ್ನು ತೊಂದರೆ ಅಂತ ಲೆಕ್ಕ ಹಿಡಿಯೋದು ಬೇಡ, ಹಬ್ಬಕ್ಕೆ ಸೀರೆ ಕೊಡಿಸ್ತೀನಿ ಅಂತ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ.

“ಒಪ್ಪಂದ ಅಂದ್ರೆ ಒಪ್ಪಂದ ಕಣ್ರೀ. ತೊಂದರೆ ಮಾಡ್ಕೊಂಡವರು ಮನೆ ಹತ್ರಾನೇ ಇರಬೇಕು ಅಂತ ತಾನೇ ಆಗಿದ್ದು? ನಾಳೆಯಿಂದ ನೀವು ಬಸ್ ಸ್ಟ್ಯಾಂಡ್ ಕಡೆ ಹೋಗೋ ಹಾಗಿಲ್ಲ. ಅವಳು ಶಿವಮೊಗ್ಗಕ್ಕೇ ಹೋಗಲಿ.”

ಸೀರೆಯ ಮಾತನ್ನು ವಾಪಸ್ ತಗೊಳ್ಳಲು ನೋಡಿದೆ, ಆಗಲಿಲ್ಲ.

ಆದ್ದರಿಂದ ನೀವು ಮೊದಲ ದಿನವೇ ಬ್ಯಾಗನ್ನು ಮಕ್ಕಳ ಹೆಗಲಿಗೇ ಹಾಕಿ. ದಾರಿ ತಪ್ಪಿದರೆ ಏನು ಮಾಡಬೇಕು ಅಂತ ಒಂದೇ ಸಲ ಹೇಳಿ, ಅವರು ಏನು ಮಾಡುತ್ತಾರೆ ಅಂತಲೂ ಕೇಳಿಸಿಕೊಳ್ಳಿ. ಸೀಟು ಸಿಗದಿದ್ದರೆ ನಿಂತು ಹೋಗಲಿ, ಹದಿಮೂರರ ಕಾಲು ಅದಕ್ಕೇ ಇರುವುದು. ಮನಸ್ಸು ತಡೆಯದೆ ಬಸ್ ಸ್ಟ್ಯಾಂಡಿಗೆ ಹೋಗಲೇಬೇಕು ಅಂದರೆ, ನಿಮ್ಮ ಜೇಬಿನಲ್ಲಿ ಬಸ್ ಚಾರ್ಜ್ ಇಟ್ಟುಕೊಂಡು ಹೋಗಿ. ಹಾಗೆಯೇ, ಕೆಂಪು ಅಂಚಿನ ಟವಲ್ ಹೆಗಲ ಮೇಲೆ ಹಾಕಿಕೊಂಡ ಕಂಡಕ್ಟರ್ ಯಾರಾದರೂ ಕಂಡರೆ ನನಗೆ ಹೇಳಿ ಕಳಿಸಿ. ಟಿಕೆಟ್ಟಿನ ದುಡ್ಡು ರೆಡಿ ಇದೆ. ಅರ್ಧಕ್ಕೆ ಒಪ್ಪಿಸಿಕೊಟ್ಟರೆ ನಿಮಗೊಂದು ಲೋಟ.