ಅರವತ್ತಾರಕ್ಕೆ ಅಕ್ಕನ ಬೈಕ್ ಪರೀಕ್ಷೆ

ಮಕ್ಕಳೇ, ನಮ್ಮಕ್ಕನಿಗೆ ಹಾರ್ನ್ ಮೇಲೆ ಇರುವಷ್ಟು ನಂಬಿಕೆ ದೇವರ ಮೇಲೂ ಇಲ್ಲ! ಇದು ನನಗೆ ಗೊತ್ತಾದದ್ದು ಅವಳು ಅರವತ್ತಾರನೆಯ ವಯಸ್ಸಿನಲ್ಲಿ ಬೈಕ್ ಲೈಸೆನ್ಸಿನ ಲಿಖಿತ ಪರೀಕ್ಷೆಗೆ ಓದಲು ಕೂತಾಗ.

ನಿಮ್ಮ ತಾತ ಹೋದ ಮೇಲೆ ನಾನು ಕೆಲವು ತಿಂಗಳು ಅಮೆರಿಕದ ಬ್ರಿಡ್ಜ್‌ವಾಟರಿನಲ್ಲಿ ಅವಳ ಮನೆಯಲ್ಲಿದ್ದೆನಲ್ಲ, ಆಗಿನ ಮಾತು. ಭಾವನಿಗೆ ಸ್ಟ್ರೋಕ್ ಆಗಿ ಎಡಗೈಯಲ್ಲಿ ಬಲ ಉಳಿದಿರಲಿಲ್ಲ. ಆದರೂ ಬೆಳಿಗ್ಗೆ ಎದ್ದವರೇ ಗರಾಜಿಗೆ ಹೋಗಿ ತಮ್ಮ ಬೈಕನ್ನು ಬಲಗೈಯಲ್ಲೇ ಒರೆಸುತ್ತಿದ್ದರು. ಅವರನ್ನು ಸೋಫಾದಿಂದ ಎಬ್ಬಿಸುತ್ತಿದ್ದದ್ದು ಅದೊಂದೇ. ಹೋಬೋಕನ್‌ನಿಂದ ಬಂದ ಅವರ ಮಗ ಅದನ್ನೇ ಮಾರಲು ಹೊರಟ.

"ಅಮ್ಮಾ, ಬಿ ಪ್ರಾಕ್ಟಿಕಲ್. ಇನ್ನು ಅದನ್ನ ಯಾರು ಓಡಿಸ್ತಾರೆ?"

"ನಾನು!" ಎಂದಳು ಅಕ್ಕ, ಹುಳಿಗೆ ಒಗ್ಗರಣೆ ಹಾಕುತ್ತಾ.

ಮಗ ನಕ್ಕುಬಿಟ್ಟ. "ಸರಿ, ಪರೀಕ್ಷೆ ಬರ್ದು ಕಲಿಯೋರ ಪರ್ಮಿಟ್ ತಗೊಂಡು ತೋರ್ಸು. ಮಾರಲ್ಲ."

ಹಳ್ಳಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತು ಪಾಠ ಒಪ್ಪಿಸುತ್ತಿದ್ದೆವು. ನಾನು ತಪ್ಪಿದರೆ ಮೇಷ್ಟರಿಗಿಂತ ಮೊದಲು ಅಕ್ಕನೇ ಕಿವಿ ಹಿಂಡುತ್ತಿದ್ದಳು! ಈಗ ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಸರದಿ ನನ್ನದು. ಕಿವಿ ಹಿಂಡುವ ಧೈರ್ಯ ಮಾತ್ರ ಬರಲಿಲ್ಲ.

"ಜೋರಾಗಿ ಕೇಳೇ! ಪರೀಕ್ಷೆಯವರು ನಿನ್ ಥರ ನಾಚ್ಕೊಳ್ಳಲ್ಲ."

"ತಿರುವಿನಾಚೆ ಏನೂ ಕಾಣಿಸ್ತಿಲ್ಲ. ಏನ್ ಮಾಡ್ತೀಯ?"

"ಹಾರ್ನ್!"

"ಸ್ಪೀಡ್ ಇಳಿಸ್ಬೇಕಂತೆ. ರಸ್ತೆ ಒದ್ದೆಯಾಗಿದ್ರೆ?"

"ಹಾರ್ನ್!"

"ನಾಯಿ ಅಟ್ಟಿಸ್ಕೊಂಡು ಬಂತು, ಅಕ್ಕಾ."

"ಯಾರ ಮನೇದು?"

ಇಂಥವರನ್ನು ಪಾಸು ಮಾಡುತ್ತಾರೆಯೇ? ಮೊದಲ ಸಲ ಫೇಲ್! ಭಾವ ಅವತ್ತು ಬೈಕನ್ನು ಇನ್ನೊಂದು ಸಲ ಒರೆಸಿದರು, ಅಷ್ಟೆ. ತಿಂಗಳ ಕೊನೆಗೆ ಕೊಳ್ಳುವವರನ್ನು ಕರೆತರುತ್ತೇನೆಂದು ಮಗ ಫೋನ್ ಮಾಡಿದ.

ಅಕ್ಕ ಹಾರ್ನ್ ಬಿಟ್ಟು ಪುಸ್ತಕವನ್ನು ನಂಬಿದಳು. ನಂಬಿದಳೆಂದರೆ ಹೇಗೆ! ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಮುಂದಿನವರಿಂದ ಎರಡು ಸೆಕೆಂಡಿನ ಅಂತರ ಬಿಟ್ಟು ನಡೆದಳು. ಮೂಲೆ ಬಂದಾಗಲೆಲ್ಲ ನಿಂತು, ಭುಜದ ಮೇಲಿಂದ ಹಿಂದಕ್ಕೆ ನೋಡಿ, ಕೈ ಚಾಚಿ, ಆಮೇಲೆ ತಿರುಗಿದಳು. ಹಿಂದೆ ರೇಷ್ಮೆ ಸೀರೆಗಳ ಟ್ರಾಫಿಕ್ ಜಾಮ್!

"ಆಂಟಿ, ಸ್ವಲ್ಪ ಬೇಗ ಹೋಗ್ತೀರಾ?" ಎಂದಳು ಒಬ್ಬ ಹುಡುಗಿ.

"ನೀನು ತುಂಬಾ ಹತ್ರ ಬಂದಿದ್ದೀಯಮ್ಮ. ನಾನು ಬ್ರೇಕ್ ಹಾಕಿದ್ರೆ ಗುದ್ತೀಯ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಎರಡನೆಯ ಸಲ ಪಾಸಾದಳು! ಮನೆಗೆ ಬಂದವಳು ಕೋಟೂ ಬಿಚ್ಚದೆ ನೇರ ಗರಾಜಿಗೆ ನಡೆದು ಬೈಕ್ ಹತ್ತಿ ಕೂತಳು. ಭಾವ ಒರೆಸುವ ಬಟ್ಟೆ ಕೆಳಗಿಟ್ಟರು. ನಾನು ಅವರ ತೋಳು ಹಿಡಿದುಕೊಂಡೆ. ಮೆಲ್ಲಗೆ ಅವಳ ಹಿಂದೆ ಹತ್ತಿದರು.

"ಸ್ಟಾರ್ಟ್ ಮಾಡು ಮತ್ತೆ."

"ಆಗಲ್ಲ ರೀ. ಬರೀ ಪರ್ಮಿಟ್ ಇರೋವಾಗ ಹಿಂದೆ ಯಾರನ್ನೂ ಕರ್ಕೊಂಡು ಹೋಗ್ಬಾರದು. ಪುಸ್ತಕದಲ್ಲಿದೆ."

"ಹಾಗಾದ್ರೆ ಇಳೀಲಾ?"

ಅಕ್ಕ ಬೈಕಿನ ಕನ್ನಡಿ ತಿರುಗಿಸಿ ಅವರ ಮುಖ ನೋಡಿದಳು.

"ಕರ್ಕೊಂಡು ಹೋಗ್ಬಾರದು ಅಂತಿದೆ. ಕೂತ್ಕೋಬಾರದು ಅಂತ ಎಲ್ಲಿದೆ?"

ಹಿಂದಕ್ಕೆ ಕೈ ಚಾಚಿ, ಅವರ ಬಲವಿಲ್ಲದ ಎಡಗೈಯನ್ನು ತನ್ನ ಸೊಂಟದ ಮೇಲೆ ಇಟ್ಟುಕೊಂಡಳು. ಅದು ಜಾರಿತು. ಮತ್ತೆ ಇಟ್ಟು, ಈ ಸಲ ಅದರ ಮೇಲೆ ತನ್ನ ಕೈಯನ್ನೂ ಒತ್ತಿ ಹಿಡಿದಳು.

ನಾನು ಒಳಗೆ ಬಂದು ಅನ್ನಕ್ಕಿಟ್ಟೆ. ಕುಕ್ಕರ್ ಕೂಗಿತು, ಅನ್ನ ಆರಿತು. ಅವರು ಬರಲಿಲ್ಲ. ಊಟಕ್ಕೆ ಕರೆಯಲು ನನಗೂ ಮನಸ್ಸು ಬರಲಿಲ್ಲ.