ಮೇಗರವಳ್ಳಿಯ ಮೈನಸ್ ಮಳೆ

ಬೇರೆಯವರ ತಪ್ಪು ಹಿಡಿಯಲು ಕಂಪ್ಯೂಟರಿಗೆ ಕಲಿಸಿದರೆ ಮೊದಲು ಹೊರಬೀಳುವುದು ಕಲಿಸಿದವನ ತಪ್ಪೇ. ಎಂಬತ್ತರ ದಶಕದ ಕೊನೆಯಲ್ಲಿ, ಸಾಗರದ ಮಳೆ ದಾಖಲೆಯ ಕಚೇರಿಯಲ್ಲಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ನನಗೆ ಇದು ಮತ್ತೆ ಮತ್ತೆ ಆಗುತ್ತಿತ್ತು.

೧. ಎಷ್ಟು ಕೊಟ್ಟರೂ ಸರಿ

ಊರೂರಿಂದ ಬರುವ ಪಟ್ಟಿಗಳಲ್ಲಿ ತಪ್ಪಿದ್ದರೆ ತಿಳಿಸಲು ಒಂದು ಫಂಕ್ಷನ್, ಅಂದರೆ ಪ್ರೋಗ್ರಾಂ ಒಳಗಿನ ಒಂದು ಚಿಕ್ಕ ತುಂಡು, ಬರೆದೆ. ಅದಕ್ಕೊಂದು ವಾಕ್ಯ ಕೊಡಬೇಕು. ವಾಕ್ಯದಲ್ಲಿ ಪರ್ಸೆಂಟ್ ಗುರುತು ಇರುವಲ್ಲೆಲ್ಲ ತುಂಬಬೇಕಾದ ಊರು, ಅಂಕಿ, ಹೆಸರುಗಳನ್ನು ಅದರ ಹಿಂದೆಯೇ ಕೊಡಬೇಕು. ಒಂದಾದರೂ ಸರಿ, ನಾಲ್ಕಾದರೂ ಸರಿ. ಎಷ್ಟು ಕೊಟ್ಟಿದ್ದೀರಿ ಎಂದು ಅದಕ್ಕೆ ಹೇಗೆ ತಿಳಿಯುತ್ತದೆ ಎಂದು ನಮ್ಮ ಸಾಹೇಬರು ಕೇಳಿದರು. ತಿಳಿಯುವುದಿಲ್ಲ, ಗುರುತು ಎಣಿಸಿ ಅಷ್ಟನ್ನು ಎತ್ತಿಕೊಳ್ಳುತ್ತದೆ, ನಾವು ಕೊಡದಿದ್ದರೆ ಮೆಮೊರಿಯ ಆ ಜಾಗದಲ್ಲಿ ಬಿದ್ದಿರುವ ಏನನ್ನೋ ಓದಿಬಿಡುತ್ತದೆ ಎಂದೆ.

ಸಾಹೇಬರು ಹೆಡ್ ಕ್ಲಾರ್ಕಿನ ಕುರ್ಚಿಯ ಕಡೆ ನೋಡಿ, "ಅಂಥವರು ನಮ್ಮಲ್ಲಿ ಆಗ್ಲೇ ಒಬ್ರು ಇದಾರಲ್ರೀ" ಎಂದರು.

೨. ಕಾಣದ ಮಳೆ

ಮೇಗರವಳ್ಳಿಯ ಪಟ್ಟಿಯಲ್ಲಿ ಏನೋ ತಪ್ಪಿದೆ ಎಂದು ಪ್ರೋಗ್ರಾಂ ಹೇಳಿತು. ಮಳೆ ಎಷ್ಟೆಂದರೆ ಮೈನಸ್ ಹಲವು ಸಾವಿರ ಮಿಲಿಮೀಟರ್. ಹೆಡ್ ಕ್ಲಾರ್ಕ್ ನನ್ನನ್ನು ಕೇಳದೆಯೇ, ಅಲ್ಲಿ ಮಳೆ ಅಳೆಯುತ್ತಿದ್ದ ಗೌಡರಿಗೆ ಸಮಜಾಯಿಷಿ ಕೇಳಿ ಕಾಗದ ಹಾಕಿದರು. ಕೆಲಸವೇ ಹೋಯಿತೆಂದು ಗೌಡರು ಅಳತೆಯ ಗಾಜನ್ನು ಟವೆಲಿನಲ್ಲಿ ಸುತ್ತಿಕೊಂಡು, ತೀರ್ಥಹಳ್ಳಿಯಲ್ಲಿ ಬಸ್ ಬದಲಿಸಿ ಬಂದುಬಿಟ್ಟರು. ನಾನು ಪ್ರೋಗ್ರಾಂ ತೆಗೆದು ನೋಡಿದೆ. ಪಟ್ಟಿಯಲ್ಲಿ ತಪ್ಪಿದ್ದದ್ದು ಒಂದು ತಾರೀಕು ಮಾತ್ರ. ಅದನ್ನು ತಿಳಿಸುವ ವಾಕ್ಯದಲ್ಲಿ ಮಳೆಯ ಅಂಕಿಗೆ ಗುರುತು ಹಾಕಿ, ಅಂಕಿಯನ್ನೇ ಕೊಡದೆ ಬಿಟ್ಟಿದ್ದೆ. ತಪ್ಪು ನನ್ನದೆಂದು ಒಪ್ಪಿಕೊಂಡೆ.

ಗೌಡರು ಉಸಿರು ಬಿಟ್ಟು ಕೂತರು. "ಬಿದ್ದಿದ್ದನ್ನ ಸರಿಯಾಗೇ ಅಳ್ದಿದೀನಿ ಸ್ವಾಮಿ. ವಾಪಸ್ ಮೇಲೆ ಹೋಗಿದ್ದು ಮಾತ್ರ ನಂಗೆ ಕಾಣ್ಲಿಲ್ಲ."

೩. ಬರೆದವರು ಯಾರು

ಶಿವಮೊಗ್ಗದಿಂದ ಮೇಲಧಿಕಾರಿ ಬಂದ ದಿನ ಪ್ರೋಗ್ರಾಂ ಓಡಿಸಿ ತೋರಿಸುತ್ತಿದ್ದೆ. ಹುಲಿಕಲ್ಲಿನ ಪಟ್ಟಿಗೆ ಬಂದಾಗ ಪರದೆಯ ಮೇಲೆ, ಇದು ತಪ್ಪು ಲೆಕ್ಕ, ಬರೆದವರು ಇಂಥವರು ಎಂದು ಬಂತು. ನೋಡಿದರೆ ನಮ್ಮ ಸಾಹೇಬರ ಹೆಸರು. ಅವರ ಮುಖ ಬಿಳುಚಿಕೊಂಡಿತು. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ನಾನು ಅಲ್ಲೇ ಹುಡುಕಿದೆ. ಈ ಸಲ ನಾನು ಕೊಡದೆ ಬಿಟ್ಟಿದ್ದು ಬರೆದವರ ಹೆಸರು. ವರದಿಯ ತಲೆಬರಹಕ್ಕೆಂದು ಮೆಮೊರಿಯಲ್ಲಿ ಇಟ್ಟಿದ್ದ ಸಾಹೇಬರ ಹೆಸರನ್ನು ಅದು ಎತ್ತಿಕೊಂಡಿತ್ತು. ಕೈಮುಗಿದು ವಿವರಿಸಿದೆ. ಮೇಲಧಿಕಾರಿ ನಕ್ಕು, ಕಾಫಿ ಕುಡಿದು, ಜೀಪು ಹತ್ತಿದರು. ಬದುಕಿದೆ ಎಂದುಕೊಂಡೆ.

ಜೀಪು ತಿರುವು ದಾಟಿದ ಮೇಲೆ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಹುಲಿಕಲ್ಲಲ್ಲಿ ಮಳೆ ಅಳೆಯೋರಿಗೆ ಜ್ವರ ಅಂತ ಆ ವಾರದ ಲೆಕ್ಕಾನ ಇಲ್ಲೇ ಕೂತು ಅಂದಾಜಲ್ಲಿ ಬರೆದವನು ನಾನೇ ಕಣ್ರೀ. ನೀವು ಹೆಸರು ಕೊಟ್ಟೇ ಇಲ್ಲ ಅಂತೀರಿ. ಮತ್ತೆ ಅದಕ್ಕೆ ಹ್ಯಾಗೆ ಗೊತ್ತಾಯ್ತು?"